ವೆಬ್ ಫಾರ್ಮ್ಸ್‌ನ ಬಟನ್: ಒತ್ತುವುದು ಇಲ್ಲಿ, ಓಡುವುದು ಅಲ್ಲಿ

ಡಿಸೈನರ್‌ನಲ್ಲಿ ಬಟನ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಖಾಲಿ ಹ್ಯಾಂಡ್ಲರ್ (ಬಟನ್ ಒತ್ತಿದಾಗ ಓಡುವ ಕೋಡ್) ತಾನಾಗಿಯೇ ಬಂದು ಕೂರುತ್ತದೆ. ಒಳಗೆ ಎರಡು ಸಾಲು ಬರೆದರೆ ಕೆಲಸ ಆಯಿತು. 2002ರಲ್ಲಿ ಡಾಟ್ ನೆಟ್ ಫ್ರೇಮ್‌ವರ್ಕ್ 1.0 ಜೊತೆ ಬಂದ, ವೆಬ್ ಪುಟಗಳನ್ನು ಕಟ್ಟುವ ಮೈಕ್ರೋಸಾಫ್ಟ್‌ನ ಎಎಸ್‌ಪಿ ಡಾಟ್ ನೆಟ್ ವೆಬ್ ಫಾರ್ಮ್ಸ್ ಜನರ ಮನಸ್ಸು ಗೆದ್ದದ್ದೇ ಈ ಸೌಕರ್ಯದಿಂದ. ವಿಶುವಲ್ ಬೇಸಿಕ್‌ನಲ್ಲಿ ಡೆಸ್ಕ್‌ಟಾಪ್ ಪ್ರೋಗ್ರಾಂ ಬರೆಯುತ್ತಿದ್ದವರು ಎಚ್‌ಟಿಟಿಪಿಯ ಗೊಡವೆಗೇ ಹೋಗದೆ ವೆಬ್‌ಗೆ ದಾಟಿದರು. ಆ ಕಾಲದಲ್ಲಿ ಕಟ್ಟಿದ ಎಷ್ಟೋ ಅಪ್ಲಿಕೇಶನ್‌ಗಳು ಇನ್ನೂ ಓಡುತ್ತಿವೆ, ಅವನ್ನು ನೋಡಿಕೊಳ್ಳುವ ಕೆಲಸ ಹೊಸಬರ ಕೈಗೆ ಬರುತ್ತಿದೆ. ಆದ್ದರಿಂದ ಈ ವಿಮರ್ಶೆ ಇಡೀ ಫ್ರೇಮ್‌ವರ್ಕ್‌ನದ್ದಲ್ಲ, ಅದರ ಬಟನ್‌ನದ್ದು. ಹೋಲಿಸಿ ನೋಡಲು ಮೈಕ್ರೋಸಾಫ್ಟ್‌ನದ್ದೇ ಹೊಸ ಫ್ರೇಮ್‌ವರ್ಕ್‌ಗಳಾದ ರೇಜರ್ ಪೇಜಸ್ ಮತ್ತು ಬ್ಲೇಜರ್ ಸರ್ವರ್‌ನ ಬಟನ್‌ಗಳನ್ನೂ ಪಕ್ಕಕ್ಕಿಟ್ಟುಕೊಂಡಿದ್ದೇವೆ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಸರ್ವರ್ ಕಡೆ ಕ್ಲಿಕ್ ಅನ್ನುವುದೇ ಇಲ್ಲ. ಅಲ್ಲಿಗೆ ತಲುಪುವುದು ಒಂದು ಪೋಸ್ಟ್ ರಿಕ್ವೆಸ್ಟ್, ಅಂದರೆ ಬ್ರೌಸರ್ ಕಳಿಸಿದ ಫಾರ್ಮ್ ಡೇಟಾ, ಅದರೊಳಗೆ ಒಂದಷ್ಟು ಹೆಸರು ಮತ್ತು ಬೆಲೆಗಳ (ವ್ಯಾಲ್ಯೂ) ಜೋಡಿ. "ಇಂಥ ಬಟನ್ ಒತ್ತಿದ್ದಾರೆ" ಎಂಬುದನ್ನು ಫ್ರೇಮ್‌ವರ್ಕ್ ಆ ಜೋಡಿಗಳಿಂದ ಊಹಿಸಿ, ಹ್ಯಾಂಡ್ಲರ್ ಅನ್ನು ತಾನೇ ಕರೆಯುತ್ತದೆ. ವೆಬ್ ಫಾರ್ಮ್ಸ್‌ನ ಜಾಣತನವೂ ಇಲ್ಲೇ ಇದೆ, ಅದು ಕೊಡುವ ತಲೆನೋವೂ ಇಲ್ಲೇ.

ಪೇಲೋಡ್ ತೆರೆದು ನೋಡಿದರೆ

ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್ ತೆರೆದಿಟ್ಟು, ಪುಟದ "ಉಳಿಸು" ಬಟನ್ ಒತ್ತಿ. ಹೋದ ರಿಕ್ವೆಸ್ಟ್‌ನ ಪೇಲೋಡ್‌ನಲ್ಲಿ, ಅಂದರೆ ಅದು ಹೊತ್ತೊಯ್ದ ಡೇಟಾದಲ್ಲಿ, ಎರಡೆರಡು ಅಂಡರ್‌ಸ್ಕೋರ್ ಅಂಟಿಸಿಕೊಂಡ ಹೆಸರುಗಳು ಕಾಣುತ್ತವೆ: ಈವೆಂಟ್‌ಟಾರ್ಗೆಟ್, ಈವೆಂಟ್‌ಆರ್ಗ್ಯುಮೆಂಟ್, ವ್ಯೂಸ್ಟೇಟ್ (ಪುಟದ ಹಿಂದಿನ ಸ್ಥಿತಿಯನ್ನು ಹೊತ್ತ ಹಿಡನ್ ಫೀಲ್ಡ್), ಈವೆಂಟ್‌ವ್ಯಾಲಿಡೇಶನ್. ಸಾಮಾನ್ಯ ಬಟನ್ ಆಗಿದ್ದರೆ ಈವೆಂಟ್‌ಟಾರ್ಗೆಟ್ ಖಾಲಿ. ಅದರ ಬದಲು ಕೆಳಗೆಲ್ಲೋ ಬಟನ್‌ನದ್ದೇ ಉದ್ದನೆಯ ಹೆಸರು ಇರುತ್ತದೆ. ಮಾಸ್ಟರ್ ಪೇಜ್, ಕಂಟೆಂಟ್ ಹೋಲ್ಡರ್, ಬಟನ್ ಐಡಿ, ಎಲ್ಲವನ್ನೂ ಡಾಲರ್ ಚಿಹ್ನೆಯಿಂದ ಪೋಣಿಸಿದ ಹೆಸರು. ಅದರ ಎದುರಿಗೆ ಬೆಲೆಯಾಗಿ ಬಟನ್ ಮೇಲೆ ಬರೆದಿದ್ದ "ಉಳಿಸು" ಎಂಬ ಪದ. ಸರ್ವರ್‌ಗೆ ಸಿಗುವ ಸುಳಿವು ಇಷ್ಟೇ.

ಲಿಂಕ್‌ಬಟನ್‌ನ ದಾರಿ ಬೇರೆ. ಅದು ಬ್ರೌಸರ್‌ಗೆ ಬರುವುದು ಆಂಕರ್ ಟ್ಯಾಗ್ ಆಗಿ, ಒತ್ತಿದಾಗ ಡೂಪೋಸ್ಟ್‌ಬ್ಯಾಕ್ ಎಂಬ ಸ್ಕ್ರಿಪ್ಟ್ ಓಡಿ ಈವೆಂಟ್‌ಟಾರ್ಗೆಟ್‌ನಲ್ಲಿ ತನ್ನ ಹೆಸರು ತುಂಬಿ ಫಾರ್ಮ್ ಕಳಿಸುತ್ತದೆ. ಜಾವಾಸ್ಕ್ರಿಪ್ಟ್ ಕೆಟ್ಟಿದ್ದರೆ ಲಿಂಕ್‌ಬಟನ್ ಸತ್ತಂತೆಯೇ. ಸಾದಾ ಬಟನ್ ಮಾತ್ರ ಆಗಲೂ ಫಾರ್ಮ್ ಕಳಿಸುತ್ತದೆ. ಇಮೇಜ್‌ಬಟನ್ ತನ್ನ ಹೆಸರಿನ ಬಾಲಕ್ಕೆ ಎಕ್ಸ್ ಮತ್ತು ವೈ ಸೇರಿಸಿ, ಚಿತ್ರದ ಮೇಲೆ ಎಲ್ಲಿ ಒತ್ತಿದರು ಎಂಬುದನ್ನೂ ಕಳಿಸುತ್ತದೆ. ಈ ಮೂರರ ವ್ಯತ್ಯಾಸ ಗೊತ್ತಿದ್ದರೆ "ಕ್ಲಿಕ್ ಬರುತ್ತಿಲ್ಲ" ಎಂಬ ದೂರಿನ ಅರ್ಧ ತನಿಖೆ ಪೇಲೋಡ್‌ನಲ್ಲೇ ಮುಗಿಯುತ್ತದೆ. ಹೆಸರು ಹೋಗಿದೆಯೋ ಇಲ್ಲವೋ? ಹೋಗದಿದ್ದರೆ ತಪ್ಪು ಬ್ರೌಸರ್ ಕಡೆ. ಹೋಗಿಯೂ ಹ್ಯಾಂಡ್ಲರ್ ಓಡದಿದ್ದರೆ ತಪ್ಪು ಪೇಜ್ ಲೈಫ್‌ಸೈಕಲ್‌ನಲ್ಲಿ, ಅಂದರೆ ಸರ್ವರ್‌ನಲ್ಲಿ ಪುಟ ಹಾದುಹೋಗುವ ಹಂತಗಳಲ್ಲಿ.

ಸರದಿ ತಪ್ಪಿದರೆ ಎಲ್ಲವೂ ತಪ್ಪು

ಪೋಸ್ಟ್‌ಬ್ಯಾಕ್ ಬಂದಾಗ, ಅಂದರೆ ಪುಟ ತನ್ನ ಫಾರ್ಮ್ ಅನ್ನು ತನಗೇ ಮರಳಿ ಕಳಿಸಿದಾಗ, ಪುಟ ಹೊಸದಾಗಿಯೇ ಹುಟ್ಟುತ್ತದೆ. ಹಿಂದಿನ ಸಲದ ಆಬ್ಜೆಕ್ಟ್ ಯಾವುದೂ ಉಳಿದಿರುವುದಿಲ್ಲ. ಮೊದಲು ಇನಿಟ್, ಆಮೇಲೆ ವ್ಯೂಸ್ಟೇಟ್ ತುಂಬುವುದು, ಬಳಿಕ ಬಳಕೆದಾರ ಟೈಪ್ ಮಾಡಿದ್ದನ್ನು ಟೆಕ್ಸ್ಟ್‌ಬಾಕ್ಸ್‌ಗಳಿಗೆ ತುಂಬುವುದು, ಅನಂತರ ಪೇಜ್_ಲೋಡ್. ಅದಾದ ಮೇಲೆ ಟೆಕ್ಸ್ಟ್‌ಚೇಂಜ್ಡ್ ತರಹದ ಬದಲಾವಣೆಯ ಈವೆಂಟ್‌ಗಳು. ಅವೆಲ್ಲ ಮುಗಿದ ಮೇಲೆ ಬಟನ್‌ನ ಕ್ಲಿಕ್. ಕೊನೆಗೆ ಪ್ರೀರೆಂಡರ್, ರೆಂಡರ್, ಅನ್‌ಲೋಡ್.

ಇದರಲ್ಲಿ ಎಲ್ಲರೂ ಎಡವುವ ಜಾಗ ಒಂದೇ. ಪೇಜ್_ಲೋಡ್‌ನಲ್ಲಿ ಡೇಟಾಬೇಸ್‌ನಿಂದ ಹೆಸರು ಓದಿ ಟೆಕ್ಸ್ಟ್‌ಬಾಕ್ಸ್‌ಗೆ ಹಾಕುವ ಸಾಲು ಇರುತ್ತದೆ. ಬಳಕೆದಾರ ಹೆಸರು ತಿದ್ದಿ "ಉಳಿಸು" ಒತ್ತುತ್ತಾನೆ. ತಿದ್ದಿದ ಹೆಸರು ಟೆಕ್ಸ್ಟ್‌ಬಾಕ್ಸ್‌ಗೆ ಸರಿಯಾಗಿಯೇ ಬಂದು ಕೂರುತ್ತದೆ, ಮರುಕ್ಷಣ ಪೇಜ್_ಲೋಡ್ ಓಡಿ ಅದರ ಮೇಲೆ ಹಳೆಯ ಹೆಸರನ್ನು ಸುರಿಯುತ್ತದೆ. ಆಮೇಲೆ ಬರುವ ಕ್ಲಿಕ್ ಹ್ಯಾಂಡ್ಲರ್ ಹಳೆಯ ಹೆಸರನ್ನೇ ನಿಷ್ಠೆಯಿಂದ ಉಳಿಸುತ್ತದೆ. ಎರರ್ ಇಲ್ಲ, ಲಾಗ್‌ನಲ್ಲಿ ಏನೂ ಇಲ್ಲ, ಅಪ್‌ಡೇಟ್ ಕ್ವೆರಿ ಒಂದು ಸಾಲು ಬದಲಾಯಿತು ಎಂದೇ ಹೇಳುತ್ತದೆ. ಪರಿಹಾರ ಒಂದು ಸಾಲಿನದ್ದು: ಮೊದಲ ಸಲ ತುಂಬುವ ಕೆಲಸವನ್ನೆಲ್ಲ ಇಸ್‌ಪೋಸ್ಟ್‌ಬ್ಯಾಕ್ ಸುಳ್ಳಾಗಿದ್ದಾಗ ಮಾತ್ರ ಮಾಡಿ. ಸಾಲು ಸಾಲಾಗಿ ಡೇಟಾ ತೋರಿಸುವ ಗ್ರಿಡ್‌ವ್ಯೂ, ರಿಪೀಟರ್‌ಗಳ ಡೇಟಾಬೈಂಡ್‌ಗೂ (ಡೇಟಾ ತುಂಬುವುದಕ್ಕೂ) ಇದೇ ಮಾತು. ಪ್ರತಿ ಸಲ ಬೈಂಡ್ ಮಾಡಿದರೆ ಹಳೆಯ ಸಾಲುಗಳು ಕಿತ್ತು ಹೋಗಿ ಹೊಸವು ಬರುತ್ತವೆ, ಸಾಲಿನೊಳಗಿದ್ದ "ಅಳಿಸು" ಬಟನ್‌ನ ಕ್ಲಿಕ್ ದಾರಿಯಲ್ಲೇ ಕಳೆದುಹೋಗುತ್ತದೆ.

ಎರಡನೆಯ ಪೆಟ್ಟು ಕೋಡ್‌ನಿಂದ ಹುಟ್ಟಿಸಿದ ಬಟನ್‌ಗಳದ್ದು. "ಇನ್ನೊಂದು ಸಾಲು ಸೇರಿಸು" ಎಂಬ ಬಟನ್‌ನ ಕ್ಲಿಕ್‌ನಲ್ಲಿ ಹೊಸ ಬಟನ್ ಸೃಷ್ಟಿಸಿ ಪ್ಯಾನೆಲ್‌ಗೆ ಸೇರಿಸಿದರೆ ಅದು ಪರದೆಯ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಅದನ್ನು ಒತ್ತಿದರೆ ಮಾತ್ರ ಏನೂ ಆಗುವುದಿಲ್ಲ, ಬಟನ್ ತಾನೂ ಮಾಯ. ಮುಂದಿನ ರಿಕ್ವೆಸ್ಟ್‌ನಲ್ಲಿ ಅದನ್ನು ಮತ್ತೆ ಸೃಷ್ಟಿಸಿದವರು ಯಾರೂ ಇಲ್ಲವಲ್ಲ. ಎಷ್ಟು ಸಾಲುಗಳಿವೆ ಎಂಬ ಎಣಿಕೆಯನ್ನು ವ್ಯೂಸ್ಟೇಟ್‌ನಲ್ಲಿಟ್ಟು, ಪ್ರತಿ ಪೋಸ್ಟ್‌ಬ್ಯಾಕ್‌ನ ಪೇಜ್_ಲೋಡ್‌ನಲ್ಲಿ ಅಷ್ಟೂ ಬಟನ್‌ಗಳನ್ನು ಅದೇ ಐಡಿ ಕೊಟ್ಟು ಮತ್ತೆ ಸೃಷ್ಟಿಸಬೇಕು, ಹ್ಯಾಂಡ್ಲರ್ ಅನ್ನೂ ಆಗಲೇ ಜೋಡಿಸಬೇಕು. ಎಣಿಕೆ ವ್ಯೂಸ್ಟೇಟ್ ಮೇಲೆ ನಿಂತಿರದಿದ್ದರೆ ಇನಿಟ್ ಇನ್ನೂ ಒಳ್ಳೆಯ ಜಾಗ. ಐಡಿ ಕೊಡದೆ ಬಿಟ್ಟರೆ ಫ್ರೇಮ್‌ವರ್ಕ್ ತನ್ನದೇ ಸಂಖ್ಯೆ ಹಾಕುತ್ತದೆ. ಸೃಷ್ಟಿಸಿದ ಕ್ರಮ ಒಂದಿಷ್ಟು ಬದಲಾದರೂ ಒಂದು ಬಟನ್ ಒತ್ತಿದರೆ ಇನ್ನೊಂದರ ಹ್ಯಾಂಡ್ಲರ್ ಓಡುತ್ತದೆ. ಸುಮ್ಮನಿರುವುದಕ್ಕಿಂತ ಇದು ಅಪಾಯ.

ಒಂದು ಕ್ಲಿಕ್‌ಗೆ ಹ್ಯಾಂಡ್ಲರ್ ಎರಡು ಸಲ ಓಡುತ್ತಿದ್ದರೆ ಮೊದಲ ಅನುಮಾನ ಎರಡು ಕಡೆ ಜೋಡಿಸಿದ್ದರ ಮೇಲಿರಲಿ: ಮಾರ್ಕಪ್‌ನಲ್ಲಿ ಆನ್‌ಕ್ಲಿಕ್ ಬರೆದು, ಕೋಡ್‌ನಲ್ಲಿ ಪ್ಲಸ್-ಈಕ್ವಲ್ಸ್ ಹಾಕಿ ಮತ್ತೆ ಸೇರಿಸಿರುತ್ತಾರೆ. ಆಟೋಈವೆಂಟ್‌ವೈರಪ್‌ಗೂ ಬಟನ್‌ಗೂ ಸಂಬಂಧವಿಲ್ಲ. ಅದು ಹೆಸರು ನೋಡಿ ಜೋಡಿಸುವುದು ಪೇಜ್_ಲೋಡ್ ತರಹದ ಪುಟದ ಈವೆಂಟ್‌ಗಳನ್ನು ಮಾತ್ರ.

ವ್ಯಾಲಿಡೇಶನ್ ತಡೆಯುತ್ತದೆ ಎಂಬ ಭ್ರಮೆ

ಒತ್ತಿದಾಗ ತುಂಬಿದ ಡೇಟಾ ಪರೀಕ್ಷಿಸಬೇಕೇ ಎಂದು ಹೇಳುವ ಬಟನ್‌ನ ಕಾಸಸ್‌ವ್ಯಾಲಿಡೇಶನ್ ಗುಣ ಡೀಫಾಲ್ಟ್ ಆಗಿಯೇ ಸತ್ಯ (ಟ್ರೂ). ಅದಕ್ಕೇ "ರದ್ದು" ಬಟನ್ ಒತ್ತಿದರೂ "ಹೆಸರು ಕಡ್ಡಾಯ" ಎಂಬ ಕೆಂಪು ಸಾಲು ಬಂದು ಪುಟ ಅಲುಗುವುದಿಲ್ಲ. ಅಂಥ ಬಟನ್‌ಗೆ ಅದನ್ನು ಸುಳ್ಳು ಮಾಡಬೇಕು. ಒಂದೇ ಪುಟದಲ್ಲಿ ಹುಡುಕುವ ಫಾರ್ಮ್ ಮತ್ತು ಉಳಿಸುವ ಫಾರ್ಮ್ ಎರಡೂ ಇದ್ದರೆ 2.0 ಆವೃತ್ತಿಯಲ್ಲಿ ಬಂದ ವ್ಯಾಲಿಡೇಶನ್‌ಗ್ರೂಪ್ ಬಳಸಿ ಬೇರ್ಪಡಿಸಬೇಕು.

ಗೊತ್ತಿರಬೇಕಾದ ಮುಖ್ಯ ವಿಷಯ ಬೇರೆಯೇ ಇದೆ. ಸರ್ವರ್‌ನಲ್ಲಿ ವ್ಯಾಲಿಡೇಟರ್‌ಗಳು ಕ್ಲಿಕ್‌ಗೆ ಸ್ವಲ್ಪ ಮೊದಲು ಓಡುತ್ತವೆ ನಿಜ, ಆದರೆ ಅವು ಸೋತರೂ ಕ್ಲಿಕ್ ಹ್ಯಾಂಡ್ಲರ್ ಓಡಿಯೇ ಓಡುತ್ತದೆ. ತಡೆಯುವುದು ಬ್ರೌಸರ್‌ನ ಸ್ಕ್ರಿಪ್ಟ್ ಮಾತ್ರ. ಅದನ್ನು ಆಫ್ ಮಾಡಿದವರ ಅಥವಾ ಬೇರೆ ಟೂಲ್‌ನಿಂದ ನೇರ ಪೋಸ್ಟ್ ಕಳಿಸಿದವರ ಡೇಟಾ ಒಳಗೆ ನುಗ್ಗಬಾರದು ಎಂದರೆ ಹ್ಯಾಂಡ್ಲರ್‌ನ ಮೊದಲ ಸಾಲಿನಲ್ಲೇ ಪೇಜ್‌ನ ಇಸ್‌ವ್ಯಾಲಿಡ್ ನೋಡಿ, ಸುಳ್ಳಾಗಿದ್ದರೆ ಹಿಂದಿರುಗಬೇಕು. ಈ ತಪಾಸಣೆಯನ್ನು ಪೇಜ್_ಲೋಡ್‌ಗೆ ಒಯ್ದರೆ ಎಕ್ಸೆಪ್ಶನ್ ಬೀಳುತ್ತದೆ, ಅಷ್ಟು ಹೊತ್ತಿಗೆ ವ್ಯಾಲಿಡೇಶನ್ ನಡೆದೇ ಇರುವುದಿಲ್ಲ. ಹ್ಯಾಂಡ್ಲರ್ ತಾನಾಗಿ ನಿಲ್ಲುವಂತೆ ಮಾಡಬೇಕಿತ್ತು ಎಂಬುದು ನಮ್ಮ ಅಭಿಪ್ರಾಯ. ವಿನ್ಯಾಸದಲ್ಲಿ ನಮಗೆ ಒಪ್ಪಿಗೆಯಾಗದ ಜಾಗಗಳಲ್ಲಿ ಇದು ಮೊದಲನೆಯದು.

ಅಳಿಸುವ ಮೊದಲು ಕೇಳುವ ಪ್ರಶ್ನೆಯಲ್ಲೂ ಒಂದು ಸಣ್ಣ ಬಲೆ ಇದೆ. ಬ್ರೌಸರ್‌ನಲ್ಲಿ ಓಡುವ ಆನ್‌ಕ್ಲೈಂಟ್‌ಕ್ಲಿಕ್‌ನಲ್ಲಿ ಕನ್‌ಫರ್ಮ್ ಮಾತ್ರ ಬರೆದು ಅದರ ಮೊದಲು ರಿಟರ್ನ್ ಹಾಕದಿದ್ದರೆ, ಬಳಕೆದಾರ "ಬೇಡ" ಎಂದರೂ ಪೋಸ್ಟ್ ಹೋಗುತ್ತದೆ, ಸಾಲು ಅಳಿಯುತ್ತದೆ. ಹಾಗಂತ ಎಲ್ಲ ಕಡೆ ರಿಟರ್ನ್ ಕನ್‌ಫರ್ಮ್ ಹಾಕಿದರೂ ಕಷ್ಟ. ಯೂಸ್‌ಸಬ್‌ಮಿಟ್‌ಬಿಹೇವಿಯರ್ ಸುಳ್ಳಾಗಿರುವ, ಅಂದರೆ ಫಾರ್ಮ್ ಅನ್ನು ಸ್ಕ್ರಿಪ್ಟ್ ಮೂಲಕ ಕಳಿಸುವ, ಬಟನ್‌ನಲ್ಲಿ ಡೂಪೋಸ್ಟ್‌ಬ್ಯಾಕ್ ಕರೆ ನಿಮ್ಮ ಸ್ಕ್ರಿಪ್ಟ್‌ನ ಹಿಂದೆ ಅಂಟಿಕೊಳ್ಳುತ್ತದೆ. ರಿಟರ್ನ್ ಆದ ಮೇಲೆ ಅದು ಓಡುವ ಮಾತೇ ಇಲ್ಲ, "ಸರಿ" ಎಂದರೂ ಏನೂ ಆಗುವುದಿಲ್ಲ. ಅಲ್ಲಿ "ಕನ್‌ಫರ್ಮ್ ಆಗದಿದ್ದರೆ ಮಾತ್ರ ರಿಟರ್ನ್ ಫಾಲ್ಸ್" ಎಂದು ಇಫ್ ಹಾಕಿ ಬರೆಯಬೇಕು.

ಎರಡು ಸಲ ಒತ್ತುವ ಬೆರಳು

ಪೇಮೆಂಟ್ ಪುಟದಲ್ಲಿ ಎರಡು ಸಲ ಒತ್ತಿದರೆ ಎರಡು ಪೋಸ್ಟ್ ಹೋಗಬಹುದು. ಸೆಶನ್ ಲಾಕ್ ಕಾಪಾಡುತ್ತದೆ ಎಂದು ನಂಬಿದವರಿದ್ದಾರೆ. ಒಂದೇ ಸೆಶನ್‌ನ ರಿಕ್ವೆಸ್ಟ್‌ಗಳು ಒಂದರ ಹಿಂದೆ ಒಂದು ಸಾಲಾಗಿ ನಿಲ್ಲುತ್ತವೆ ಎಂಬುದು ನಿಜವೇ, ಆದರೆ ಎರಡನೆಯದು ಕಾದು ನಿಂತು ಆಮೇಲೆ ಅದೇ ಕೆಲಸ ಮತ್ತೆ ಮಾಡುತ್ತದೆ, ಬಿಡುವುದಿಲ್ಲ.

ಒತ್ತಿದ ತಕ್ಷಣ ಬಟನ್ ಡಿಸೇಬಲ್ ಮಾಡುವುದು ಎಲ್ಲರಿಗೂ ಹೊಳೆಯುವ ಉಪಾಯ. ಸಾದಾ ಬಟನ್‌ನಲ್ಲಿ ಅದು ಕೈಕೊಡುತ್ತದೆ: ಡಿಸೇಬಲ್ ಆದ ಬಟನ್‌ನ ಹೆಸರು ಫಾರ್ಮ್ ಡೇಟಾದಲ್ಲಿ ಸೇರುವುದಿಲ್ಲ. ಸ್ಕ್ರಿಪ್ಟ್ ಎಲ್ಲಿ ಕೂತಿದೆ ಎಂಬುದರ ಮೇಲೆ ಫಾರ್ಮ್ ಹೋಗುವುದೇ ಇಲ್ಲ, ಇಲ್ಲವೇ ಬಟನ್‌ನ ಹೆಸರಿಲ್ಲದೆ ಹೋಗುತ್ತದೆ. ಪೇಜ್_ಲೋಡ್ ಓಡುತ್ತದೆ, ಕ್ಲಿಕ್ ಇಲ್ಲ. ಯೂಸ್‌ಸಬ್‌ಮಿಟ್‌ಬಿಹೇವಿಯರ್ ಸುಳ್ಳು ಮಾಡಿದರೆ ಹೆಸರು ಈವೆಂಟ್‌ಟಾರ್ಗೆಟ್ ಮೂಲಕ ಹೋಗುವುದರಿಂದ ಡಿಸೇಬಲ್ ಮಾಡಿದರೂ ನಡೆಯುತ್ತದೆ. ವ್ಯಾಲಿಡೇಟರ್ ಇದ್ದರೆ ಮೊದಲು ಪೇಜ್_ಕ್ಲೈಂಟ್‌ವ್ಯಾಲಿಡೇಟ್ ಕರೆದು ಪಾಸಾದ ಮೇಲೆ ಡಿಸೇಬಲ್ ಮಾಡಿ, ಇಲ್ಲದಿದ್ದರೆ ಒಂದು ಕಾಲಂ ಖಾಲಿ ಬಿಟ್ಟವರ ಎದುರು ಬಟನ್ ಮಂಕಾಗಿ ಕೂತುಬಿಡುತ್ತದೆ.

ಇದೆಲ್ಲ ಮೇಲ್ಪದರದ ರಕ್ಷಣೆ. ಪುಟ ತೋರಿಸುವಾಗಲೇ ಒಂದು ಗೈಡ್ (GUID, ಬೇರೆಲ್ಲೂ ಬಾರದ ಗುರುತು ಸಂಖ್ಯೆ) ಸೃಷ್ಟಿಸಿ ಹಿಡನ್‌ಫೀಲ್ಡ್‌ನಲ್ಲಿಟ್ಟು, ಟೇಬಲ್‌ನಲ್ಲಿ ಅದಕ್ಕೆ ಯೂನಿಕ್ ಇಂಡೆಕ್ಸ್ ಹಾಕಿದರೆ ಎರಡನೆಯ ಇನ್‌ಸರ್ಟ್ ಡೇಟಾಬೇಸ್‌ನಲ್ಲೇ ಬೀಳುತ್ತದೆ. ಹಣದ ಕೆಲಸಕ್ಕೆ ಇದಕ್ಕಿಂತ ಕಡಿಮೆಯದು ಸಾಲದು.

ಉಳಿಸಿದ ಮೇಲೆ ಎಫ್5 ಒತ್ತಿದರೆ ಬ್ರೌಸರ್ ಅದೇ ಪೋಸ್ಟ್ ಅನ್ನು ಮತ್ತೆ ಕಳಿಸಲು ಹೊರಡುತ್ತದೆ. ಹಾಗಾಗಿ ಹ್ಯಾಂಡ್ಲರ್‌ನ ಕೊನೆಗೆ ಬ್ರೌಸರ್ ಅನ್ನು ಇನ್ನೊಂದು ಅಡ್ರೆಸ್‌ಗೆ ಕಳಿಸುವ ರೆಸ್ಪಾನ್ಸ್ ರೀಡೈರೆಕ್ಟ್ ಬೇಕು. ಅದನ್ನು ಟ್ರೈ-ಕ್ಯಾಚ್ ಒಳಗೆ ಬರೆದರೆ ರೀಡೈರೆಕ್ಟ್ ಎಸೆಯುವ ಥ್ರೆಡ್‌ಅಬಾರ್ಟ್ ಎಕ್ಸೆಪ್ಶನ್ ಕ್ಯಾಚ್‌ಗೆ ಬಿದ್ದು, ಉಳಿಸುವ ಕೆಲಸ ಆಗಿದ್ದರೂ ಲಾಗ್‌ನಲ್ಲಿ ಎರರ್ ಎಂದು ದಾಖಲಾಗುತ್ತದೆ. ಎರಡನೆಯ ಆರ್ಗ್ಯುಮೆಂಟ್ ಆಗಿ ಫಾಲ್ಸ್ ಕೊಟ್ಟು, ಅದರ ಹಿಂದೆಯೇ ಕಂಪ್ಲೀಟ್‌ರಿಕ್ವೆಸ್ಟ್ ಕರೆಯುವುದು ಸರಿಯಾದ ಕ್ರಮ. ಆಗ ಕೆಳಗಿನ ಸಾಲುಗಳು ಓಡುತ್ತವೆ ಎಂಬುದು ನೆನಪಿರಲಿ.

ದೊಡ್ಡ ಪುಟ, ಹೆಚ್ಚು ಸರ್ವರ್

ಟೆಸ್ಟ್‌ನಲ್ಲಿ ಸರಿಯಿದ್ದು ನಿಜವಾದ ಡೇಟಾ ಬಂದ ಮೇಲೆ ಬೀಳುವ ಬಟನ್‌ಗಳಿಗೆ ಒಂದು ಸಂಖ್ಯೆ ಕಾರಣವಾಗಿರುವುದುಂಟು: 1000. 2011ರ ಡಿಸೆಂಬರ್‌ನ ಸುರಕ್ಷತಾ ಅಪ್‌ಡೇಟ್ ಆದಾಗಿನಿಂದ ಒಂದು ಫಾರ್ಮ್‌ನಲ್ಲಿ ಇಷ್ಟಕ್ಕಿಂತ ಹೆಚ್ಚು ಫೀಲ್ಡ್ ಬಂದರೆ ಎಕ್ಸೆಪ್ಶನ್. 250 ಸಾಲು, ಸಾಲಿಗೆ 4 ಟೆಕ್ಸ್ಟ್‌ಬಾಕ್ಸ್ ಇರುವ ಗ್ರಿಡ್ ಅಲ್ಲಿಗೇ 1000 ಆಯಿತು. ಹಿಡನ್ ಫೀಲ್ಡ್‌ಗಳು ಸೇರಿದರೆ ಮಿತಿ ದಾಟಿತು. ಹ್ಯಾಂಡ್ಲರ್‌ನಲ್ಲಿ ಬ್ರೇಕ್‌ಪಾಯಿಂಟ್ ಇಟ್ಟು ಕಾದರೆ ಅಲ್ಲಿಗೆ ಬರುವುದೇ ಇಲ್ಲ. ಆ್ಯಪ್‌ಸೆಟ್ಟಿಂಗ್ಸ್‌ನಲ್ಲಿ ಮ್ಯಾಕ್ಸ್‌ಎಚ್‌ಟಿಟಿಪಿಕಲೆಕ್ಷನ್‌ಕೀಸ್ ಏರಿಸಬಹುದು, ಆದರೆ ಗ್ರಿಡ್ ಅನ್ನು ಪುಟಗಳಾಗಿ ಒಡೆಯುವುದೇ ಮೇಲು. ಫೈಲ್ ಅಪ್‌ಲೋಡ್ ಇರುವ ಪುಟದಲ್ಲಿ ಇನ್ನೊಂದು ಮಿತಿ: ಇಡೀ ರಿಕ್ವೆಸ್ಟ್ 4096 ಕೆಬಿ ಮೀರಬಾರದು, ವೆಬ್ ಕಾನ್‌ಫಿಗ್‌ನಲ್ಲಿ ಬದಲಿಸದ ಹೊರತು.

ಎರಡು ಸರ್ವರ್‌ಗಳ ಮುಂದೆ, ರಿಕ್ವೆಸ್ಟ್‌ಗಳನ್ನು ಹಂಚುವ ಲೋಡ್ ಬ್ಯಾಲೆನ್ಸರ್ ಕೂತಾಗ ಕ್ಲಿಕ್ ಒಮ್ಮೆ ಸರಿ, ಇನ್ನೊಮ್ಮೆ "ವ್ಯೂಸ್ಟೇಟ್ ಮ್ಯಾಕ್ ವ್ಯಾಲಿಡೇಶನ್ ಫೇಲ್ಡ್". ಒಂದು ಸರ್ವರ್ ಸಹಿ ಹಾಕಿದ ವ್ಯೂಸ್ಟೇಟ್ ಇನ್ನೊಂದರ ಕೀಲಿಗೆ ತಾಳೆಯಾಗುವುದಿಲ್ಲ. ಎರಡರಲ್ಲೂ ಒಂದೇ ಮಶೀನ್‌ಕೀ ಬರೆದಿಡುವುದು ಪರಿಹಾರ. ಮ್ಯಾಕ್ ಪರೀಕ್ಷೆಯನ್ನೇ, ಅಂದರೆ ಆ ಸಹಿಯ ಪರೀಕ್ಷೆಯನ್ನೇ, ಆಫ್ ಮಾಡಿ ಎಂಬ ಹಳೆಯ ಸಲಹೆಗಳು ಇನ್ನೂ ಓಡಾಡುತ್ತಿವೆ. 4.5.2ರಿಂದ ಅದಕ್ಕೆ ಅವಕಾಶವೇ ಇಲ್ಲ, ಇದ್ದಾಗಲೂ ಅದು ಬಾಗಿಲು ತೆರೆದಿಟ್ಟು ಮಲಗಿದ ಹಾಗೆ.

ಪುಟದ ಒಂದು ಭಾಗವನ್ನು ಮಾತ್ರ ಬದಲಿಸುವ ಅಪ್‌ಡೇಟ್‌ಪ್ಯಾನೆಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪುಟ ಮಿನುಗುವುದು ನಿಲ್ಲುತ್ತದೆ, ಕೆಲಸ ಕಡಿಮೆಯಾಗುವುದಿಲ್ಲ: ಇಡೀ ವ್ಯೂಸ್ಟೇಟ್ ಹೋಗುತ್ತದೆ, ಇಡೀ ಲೈಫ್‌ಸೈಕಲ್ ಓಡುತ್ತದೆ. ಒಳಗಿನ ಬಟನ್‌ನಿಂದ ಫೈಲ್ ಕಳಿಸಬೇಕಿದ್ದರೆ ಅದಕ್ಕೆ ಪೋಸ್ಟ್‌ಬ್ಯಾಕ್‌ಟ್ರಿಗರ್ ಕೊಡಿ. ರೆಸ್ಪಾನ್ಸ್ ರೈಟ್ ಅನ್ನು ಅದರ ಹತ್ತಿರ ಸುಳಿಸಬೇಡಿ.

ಪಕ್ಕದ ಎರಡು ಬಟನ್‌ಗಳು

2017ರಲ್ಲಿ ಎಎಸ್‌ಪಿ ಡಾಟ್ ನೆಟ್ ಕೋರ್ 2.0 ಜೊತೆ ಬಂದ ರೇಜರ್ ಪೇಜಸ್ ಕ್ಲಿಕ್‌ನ ನಾಟಕವನ್ನೇ ಬಿಟ್ಟುಬಿಟ್ಟಿದೆ. ಬಟನ್‌ಗೆ ಪೇಜ್-ಹ್ಯಾಂಡ್ಲರ್ ಎಂದು "ಡಿಲೀಟ್" ಬರೆದರೆ ಅಡ್ರೆಸ್‌ನಲ್ಲಿ ಹ್ಯಾಂಡ್ಲರ್ ಎಂಬ ಕ್ವೆರಿಯಾಗಿ ಹೋಗಿ ಆನ್‌ಪೋಸ್ಟ್‌ಡಿಲೀಟ್ ಎಂಬ ಮೆಥಡ್ ಓಡುತ್ತದೆ. ಯಾವುದು ಎಲ್ಲಿಗೆ ಹೋಯಿತು ಎಂಬುದು ಕಣ್ಣೆದುರಿಗೇ ಇರುತ್ತದೆ. ವ್ಯೂಸ್ಟೇಟ್ ಇಲ್ಲ, ಲೈಫ್‌ಸೈಕಲ್‌ನ ಒಗಟೂ ಇಲ್ಲ. ಆದರೆ ಹ್ಯಾಂಡ್ಲರ್‌ನ ಹೆಸರಲ್ಲಿ ಒಂದಕ್ಷರ ತಪ್ಪಿದರೆ ಎರರ್ ಕೊಡದೆ ಪುಟ ಸುಮ್ಮನೆ ಮತ್ತೆ ಬಂದು ನಿಲ್ಲುತ್ತದೆ. ಸ್ಕ್ರಿಪ್ಟ್‌ನಿಂದ ಪೋಸ್ಟ್ ಕಳಿಸುವಾಗ ಆ್ಯಂಟಿಫೋರ್ಜರಿ ಟೋಕನ್ (ರಿಕ್ವೆಸ್ಟ್ ನಿಮ್ಮ ಪುಟದಿಂದಲೇ ಬಂತು ಎಂಬ ಗುರುತು) ಮರೆತರೆ 400 ಎರರ್. ಇನ್ನು ಪೇಜ್_ಲೋಡ್‌ನ ತಪ್ಪು ಇಲ್ಲಿ ತಿರುಗಾಮುರುಗಾ ಆಗಿದೆ: ಹ್ಯಾಂಡ್ಲರ್‌ನಲ್ಲಿ ಮಾಡೆಲ್‌ನ ಬೆಲೆ ಬದಲಿಸಿ ಅದೇ ಪುಟ ತೋರಿಸಿದರೂ ಇನ್‌ಪುಟ್‌ನಲ್ಲಿ ಬಳಕೆದಾರ ಟೈಪ್ ಮಾಡಿದ್ದೇ ಕಾಣುತ್ತದೆ, ಬಂದ ಫಾರ್ಮ್‌ನ ಬೆಲೆಗಳನ್ನು ಹಿಡಿದಿಟ್ಟ ಮಾಡೆಲ್‌ಸ್ಟೇಟ್‌ನಿಂದ ಆ ಕೀಯನ್ನು ತೆಗೆಯುವವರೆಗೆ.

2019ರಲ್ಲಿ ಡಾಟ್ ನೆಟ್ ಕೋರ್ 3.0 ತಂದ ಬ್ಲೇಜರ್ ಸರ್ವರ್ ನೋಡಲು ವೆಬ್ ಫಾರ್ಮ್ಸ್‌ನ ಹತ್ತಿರದ ನೆಂಟ. ಆನ್‌ಕ್ಲಿಕ್ ಬರೆಯಿರಿ, ಸಿ ಶಾರ್ಪ್ ಮೆಥಡ್ ಓಡುತ್ತದೆ. ಒಳಗಿನ ಯಂತ್ರವೇ ಬೇರೆ: ಕ್ಲಿಕ್ ಸದಾ ತೆರೆದಿರುವ ಸಿಗ್ನಲ್‌ಆರ್ ಸಂಪರ್ಕದ ಮೇಲೆ ಹೋಗುತ್ತದೆ, ಪುಟದ ಸ್ಥಿತಿ ಸರ್ವರ್‌ನ ಮೆಮೊರಿಯಲ್ಲೇ ಬದುಕಿರುತ್ತದೆ. ಸಂಪರ್ಕ ಕಡಿದರೆ ಆ ಸ್ಥಿತಿಯನ್ನು ಉಳಿಸಿಕೊಳ್ಳುವ ಡೀಫಾಲ್ಟ್ ಅವಧಿ 3 ನಿಮಿಷ. ಅಷ್ಟರಲ್ಲಿ ಬಾರದಿದ್ದರೆ ಅರ್ಧ ತುಂಬಿದ ಫಾರ್ಮ್ ಹೋಯಿತು. ಡಾಟ್ ನೆಟ್ 8ರಿಂದ ರೆಂಡರ್ ಮೋಡ್ ಹೇಳದ ಪುಟ ಬರಿಯ ಸ್ಟಾಟಿಕ್ ಎಚ್‌ಟಿಎಂಎಲ್: ಬಟನ್ ಕಾಣುತ್ತದೆ, ಒತ್ತಬಹುದು, ಏನೂ ಆಗುವುದಿಲ್ಲ, ಕನ್ಸೋಲ್‌ನಲ್ಲೂ ಸದ್ದಿಲ್ಲ. ಫಾರ್ ಲೂಪ್‌ನೊಳಗೆ ಲ್ಯಾಂಬ್ಡಾಗೆ (ಹೆಸರಿಲ್ಲದ ಪುಟ್ಟ ಫಂಕ್ಷನ್‌ಗೆ) ನೇರವಾಗಿ ಎಣಿಕೆಯ ವೇರಿಯಬಲ್ ಕೊಟ್ಟರೆ ಎಲ್ಲ ಬಟನ್‌ಗಳೂ ಲೂಪ್ ಮುಗಿದಾಗಿನ ಸಂಖ್ಯೆಯನ್ನೇ ಹಿಡಿದಿರುತ್ತವೆ. ಲೂಪ್‌ನ ಒಳಗೇ ಒಂದು ಲೋಕಲ್ ಪ್ರತಿ ಮಾಡಿಕೊಳ್ಳಬೇಕು.

ಯಾರಿಗೆ, ಯಾವುದಕ್ಕೆ

ಓಡುತ್ತಿರುವ ವೆಬ್ ಫಾರ್ಮ್ಸ್ ಅಪ್ಲಿಕೇಶನ್ ಅನ್ನು ಬಟನ್‌ಗಳ ಕಾಟಕ್ಕೆ ಬೇಸತ್ತು ಬಿಸಾಡಬೇಕಿಲ್ಲ. ಮೇಲಿನ ತಪ್ಪುಗಳಲ್ಲಿ ಹೆಚ್ಚಿನವು ಒಂದೆರಡು ಸಾಲಿನಲ್ಲಿ ಸರಿಹೋಗುವಂಥವು, ಡಾಟ್ ನೆಟ್ ಫ್ರೇಮ್‌ವರ್ಕ್ 4.8 ವಿಂಡೋಸ್‌ನ ಜೊತೆಗೇ ಬೆಂಬಲ ಪಡೆಯುತ್ತಿದೆ. ಹೊಸ ಕೆಲಸಕ್ಕೆ ಮಾತ್ರ ಬೇಡ. ಡಾಟ್ ನೆಟ್ ಕೋರ್‌ಗೆ ಇದು ಬರಲೇ ಇಲ್ಲ. ಫಾರ್ಮ್ ತುಂಬಿ ಉಳಿಸುವ ಬಗೆಯ ಅಪ್ಲಿಕೇಶನ್ ಆದರೆ ನಮ್ಮ ಮತ ರೇಜರ್ ಪೇಜಸ್‌ಗೆ. ಒಂದೇ ಪರದೆಯಲ್ಲಿ ಹತ್ತಾರು ಬಟನ್‌ಗಳು ಒಂದಕ್ಕೊಂದು ಸಂಬಂಧವಿಟ್ಟುಕೊಂಡು ಬದಲಾಗುತ್ತಿದ್ದರೆ, ನೆಟ್‌ವರ್ಕ್ ಗಟ್ಟಿಯಿದ್ದರೆ, ಬ್ಲೇಜರ್ ಸರ್ವರ್.

ಹಳೆಯದನ್ನು ರೇಜರ್‌ಗೆ ಸಾಗಿಸುವವರು ಬಟನ್‌ಗಳನ್ನು ಎಣಿಸಿ ಅಂದಾಜು ಹಾಕುತ್ತಾರೆ, ಆ ಲೆಕ್ಕ ತಪ್ಪುತ್ತದೆ. ಕೋಡ್‌ನಲ್ಲಿ ವ್ಯೂಸ್ಟೇಟ್ ಎಂಬ ಪದ ಹುಡುಕಿ, ಅದರಲ್ಲಿ ಏನೇನು ಇಟ್ಟಿದ್ದಾರೆ ಎಂದು ಪಟ್ಟಿ ಮಾಡಿ. ಕ್ಲಿಕ್ ಹ್ಯಾಂಡ್ಲರ್‌ಗಳನ್ನು ಆನ್‌ಪೋಸ್ಟ್ ಮೆಥಡ್‌ಗಳಾಗಿ ಬದಲಿಸುವುದು ಕೈಕೆಲಸ. ಲೇಬಲ್‌ನ ಪಠ್ಯ, ಗ್ರಿಡ್‌ನ ಈಗಿನ ಪುಟ, ಕಾಣಿಸದಂತೆ ಅಡಗಿಸಿಟ್ಟ ಪ್ಯಾನೆಲ್ ಇವೆಲ್ಲ ಯಾರೂ ಬರೆಯದೆಯೇ ವ್ಯೂಸ್ಟೇಟ್‌ನಲ್ಲಿ ಕೂತಿರುತ್ತವೆ, ಹುಡುಕಿದರೂ ಸಿಗುವುದಿಲ್ಲ. ಅವಕ್ಕಾಗಿ ಪ್ರತಿ ಪುಟವನ್ನೂ ತೆರೆದು, ಒಂದೊಂದು ಬಟನ್ ಒತ್ತಿದ ಮೇಲೂ ಪರದೆಯಲ್ಲಿ ಏನು ಉಳಿಯಿತು ಎಂದು ಬರೆದುಕೊಳ್ಳಬೇಕು.